ಫರ್ಮಾನಿನ ರಾಜ್ಯ: ಏಳನೆಯ ನಿಜಾಮರ ಆಳ್ವಿಕೆ ಮತ್ತು ಅದು ಉಳಿಸಿಹೋದದ್ದು



1948ರ ಸೆಪ್ಟೆಂಬರ್ 23ರಂದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ರೇಡಿಯೋದಲ್ಲಿ ಒಂದು ಭಾಷಣ ಮಾಡಿದರು. ಭಾರತದ ಸೇನೆ ಈ ಹೈದರಾಬಾದ್ ನಗರಕ್ಕೆ ಬಂದು ಆಗಿನ್ನೂ ವಾರ ತುಂಬಿರಲಿಲ್ಲ. ಭಾಷಣದ ಸಾರ ಇದು: ಸೈನ್ಯದ ರೀತಿಯಲ್ಲಿ ಪಡೆ ಕಟ್ಟಿಕೊಂಡ ಸಣ್ಣ ಗುಂಪೊಂದು ತಮ್ಮ ಪ್ರಧಾನಿ ಛತ್ತಾರಿ ನವಾಬರ ಮನೆಯನ್ನೂ ಸಂವಿಧಾನ ಸಲಹೆಗಾರ ವಾಲ್ಟರ್ ಮಾಂಕ್ಟನ್ನರ ಮನೆಯನ್ನೂ ಮುತ್ತಿತು. ನಂಬಿಕೆಯ ಮಂತ್ರಿಗಳನ್ನು ಬೆದರಿಸಿ ರಾಜೀನಾಮೆ ಕೊಡಿಸಿತು. ಲಾಯಕ್ ಅಲಿಯವರ ಮಂತ್ರಿಮಂಡಲವನ್ನು ತಮ್ಮ ಮೇಲೆ ಹೇರಿತು. ಹಿಟ್ಲರನ ಜರ್ಮನಿಯನ್ನು ನೆನಪಿಸುವ ರೀತಿಯಲ್ಲಿ ರಾಜ್ಯವನ್ನು ಕೈವಶ ಮಾಡಿಕೊಂಡು ತಮ್ಮನ್ನು ಪೂರ್ತಿ ಅಸಹಾಯಕರನ್ನಾಗಿಸಿತು. ಆ ಗುಂಪಿನ ನಾಯಕ ಕಾಸಿಂ ರಜ್ವಿ ಎಂದು ಹೆಸರನ್ನೂ ಹೇಳಿದರು. ಇಂದಿನ ಉಪನ್ಯಾಸದಲ್ಲಿ ನಾನು ಪರಿಶೀಲಿಸಬೇಕೆಂದಿರುವುದು ಅಸಹಾಯಕತೆಯ ಈ ಒಂದು ಮಾತನ್ನು. ಇದನ್ನು ಒಪ್ಪಿದರೆ ನಿಜಾಮರ ಮೂವತ್ತೇಳು ವರ್ಷಗಳ ಆಳ್ವಿಕೆಯ ಕಥೆ ಒಂದಾಗುತ್ತದೆ, ಒಪ್ಪದಿದ್ದರೆ ಬೇರೆಯೇ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಒಪ್ಪತಕ್ಕ ಮಾತಲ್ಲ. ಹಿಟ್ಲರನ ಹೋಲಿಕೆ ಇಲ್ಲಿ ತಪ್ಪು ಹೋಲಿಕೆ. ಹೈದರಾಬಾದಿನ 1947–48ರ ದುರಂತಕ್ಕೆ ಯುರೋಪಿನಲ್ಲಿ ಸರಿಸಾಟಿ ಹುಡುಕುವುದಾದರೆ ಅದು ಸಿಗುವುದು ಬರ್ಲಿನ್ನಿನಲ್ಲಿ ಅಲ್ಲ, ರೋಮಿನಲ್ಲಿ.

ಈ ಮಾತು ಆಗ ಅಷ್ಟು ಸುಲಭವಾಗಿ ಸಲ್ಲಿದ್ದಕ್ಕೆ ಕಾರಣಗಳಿದ್ದವು. ಭಾರತ ಸರ್ಕಾರಕ್ಕೆ ಆ ದಿನಗಳಲ್ಲಿ ನಿಜಾಮರು ಬೇಕಾಗಿದ್ದರು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿತ್ತು. ಅದನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಸ್ವತಃ ದೊರೆಯೇ ಸಾರಿದರೆ ದೆಹಲಿಗೆ ದೊಡ್ಡ ನಿರಾಳ. ಊರೂರುಗಳಲ್ಲಿ ಮತ್ತೆ ರಕ್ತ ಹರಿಯದಂತೆ ನೋಡಿಕೊಳ್ಳುವುದಕ್ಕೂ ಅವರ ಹೆಸರು ಉಪಯೋಗಕ್ಕೆ ಬರುತ್ತಿತ್ತು. ಹೀಗಾಗಿ ರಜ್ವಿ ಜೈಲಿಗೆ ಹೋದರು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ತೆರಳಿದರು. ನಿಜಾಮರು 1950ರ ಜನವರಿ 26ರಿಂದ ರಾಜ್ಯ ವಿಭಜನೆಯಾಗುವವರೆಗೂ ರಾಜಪ್ರಮುಖರಾಗಿದ್ದರು. ಈ ಏರ್ಪಾಡು ಆ ಹೊತ್ತಿನ ರಾಜಕಾರಣಕ್ಕೆ ವಿವೇಕದ್ದೇ ಇರಬಹುದು. ಆದರೆ ಹೊತ್ತಿನ ರಾಜಕಾರಣ ಕೊಟ್ಟ ತೀರ್ಪನ್ನು ಚರಿತ್ರೆಯೂ ಹಾಗೆಯೇ ಬರೆದುಕೊಳ್ಳಬೇಕಾಗಿಲ್ಲ. ನಮ್ಮ ಕಲಬುರಗಿ, ರಾಯಚೂರು, ಬೀದರ ಸೀಮೆಯ ವಿಮೋಚನೆಯ ಬರಹಗಳಲ್ಲಿ ರಜ್ವಿಯವರ ಪಡೆಯಾದ ರಜಾಕಾರರ ಹಾವಳಿಗೆ ಸಿಕ್ಕಷ್ಟು ಜಾಗ ಆ ಹಾವಳಿಗೆ ದಾರಿ ಬಿಟ್ಟ ಆಡಳಿತ ಪದ್ಧತಿಗೆ ಸಿಕ್ಕಿಲ್ಲ.

ಹಿಟ್ಲರ್ ಅಧಿಕಾರಕ್ಕೆ ಬಂದ ಕ್ರಮವನ್ನು ಒಮ್ಮೆ ನೆನೆಯೋಣ. 1933ರ ಜನವರಿ 30ರಂದು ಅವನು ಚಾನ್ಸಲರ್ ಆದಾಗ ಜರ್ಮನಿಯಲ್ಲಿ 1919ರ ಸಂವಿಧಾನವಿತ್ತು, ಜನರು ಆರಿಸಿದ ಸಂಸತ್ತಿತ್ತು, ಬಲವಾದ ವಿರೋಧ ಪಕ್ಷಗಳು, ಕಾರ್ಮಿಕ ಸಂಘಗಳು, ಪತ್ರಿಕೆಗಳು, ನ್ಯಾಯಾಲಯಗಳು ಇದ್ದವು. ಇವುಗಳಲ್ಲಿ ಒಂದೊಂದನ್ನೂ ಅವನು ಮುರಿಯಬೇಕಾಯಿತು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರುವರಿ 28ರಂದು, ಪೌರಹಕ್ಕುಗಳು ಹೋದವು. ಮಾರ್ಚ್ 23ರಂದು ಸಂಸತ್ತೇ ತನ್ನ ಶಾಸನಾಧಿಕಾರವನ್ನು ಅವನ ಕೈಗಿಟ್ಟಿತು; ಆ ಭಯದ ವಾತಾವರಣದಲ್ಲೂ ಸೋಷಿಯಲ್ ಡೆಮಾಕ್ರಾಟರ 94 ಮಂದಿ ವಿರುದ್ಧ ಮತ ಹಾಕಿದರು. ಜುಲೈ ಹೊತ್ತಿಗೆ ಉಳಿದದ್ದು ಒಂದೇ ಪಕ್ಷ. ಅಂದರೆ, ಕೆಡವಲು ಅಲ್ಲಿ ಒಂದು ಕಟ್ಟಡವಿತ್ತು. ಹೈದರಾಬಾದಿನಲ್ಲಿ ರಜ್ವಿ ಯಾವ ಸಂವಿಧಾನವನ್ನು ಮುರಿದರು? ಯಾವ ಸಂಸತ್ತಿನ ಬಾಗಿಲು ಹಾಕಿಸಿದರು? ಮುರಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಂಥದ್ದೇನೂ ಬೆಳೆಯದಂತೆ ಮೂರೂವರೆ ದಶಕ ನೋಡಿಕೊಂಡದ್ದು ಅರಮನೆಯೇ.

1911ರ ಆಗಸ್ಟ್ 29ರಂದು ತಂದೆ ಮಹಬೂಬ್ ಅಲಿ ಖಾನರು ತೀರಿಕೊಂಡು ಉಸ್ಮಾನ್ ಅಲಿ ಖಾನರು ಗದ್ದಿಗೆ ಏರಿದಾಗ ಅವರ ಪಾಲಿಗೆ ಬಂದದ್ದು 82,000 ಚದರ ಮೈಲಿಗೂ ಹೆಚ್ಚು ವಿಸ್ತಾರದ ಸಂಸ್ಥಾನ. 1941ರ ಗಣತಿಯ ಹೊತ್ತಿಗೆ ಅಲ್ಲಿ ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೆಲುಗರು, ಕಾಲು ಭಾಗ ಮರಾಠಿಗರು. ಕನ್ನಡಿಗರು ಎಂಟರಲ್ಲಿ ಒಂದು ಪಾಲು. ನೆಲದ ಸುಮಾರು ಹತ್ತರಲ್ಲಿ ಒಂದು ಪಾಲು ಸರ್ಫ್-ಎ-ಖಾಸ್, ಎಂದರೆ ದೊರೆಯ ಸ್ವಂತದ್ದು. ಅದರ ಹುಟ್ಟುವಳಿ ನೇರ ಅವರ ಖಜಾನೆಗೆ. ಇನ್ನೂ ಮೂರು ಪಾಲಿನಷ್ಟು ಜಾಗೀರುದಾರರ ವಶದಲ್ಲಿ. 1914ರಿಂದ 1919ರವರೆಗೆ ದಿವಾನರೇ ಇರಲಿಲ್ಲ. ದೊರೆಯೇ ಎಲ್ಲವನ್ನೂ ನೋಡಿಕೊಂಡರು. 1919ರಲ್ಲಿ ಕಾರ್ಯಕಾರಿ ಮಂಡಳಿ ಬಂತು, ಸರ್ ಅಲಿ ಇಮಾಂ ಅದರ ಮೊದಲ ಅಧ್ಯಕ್ಷರಾದರು. ಆದರೆ ಮಂಡಳಿಯ ಪ್ರತಿಯೊಬ್ಬ ಸದಸ್ಯನೂ ಅರಮನೆಯ ನೇಮಕ, ಅರಮನೆಯ ಮರ್ಜಿ ಇರುವವರೆಗೆ ಮಾತ್ರ. ಕಾನೂನು ಎಂದರೆ ಫರ್ಮಾನು, ಅಂದರೆ ದೊರೆಯ ಆಜ್ಞೆ. ಸಭೆ ಸೇರಬೇಕಾದರೆ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಮೊದಲು ಸರ್ಕಾರದ ಅಪ್ಪಣೆ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ ವಿಧಿವತ್ತಾಗಿ ಹುಟ್ಟುವ ಮೊದಲೇ ನಿಷೇಧ ಬಿತ್ತು. ಆ ವರ್ಷವೇ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅರವಮುದು ಅಯ್ಯಂಗಾರರ ಸಮಿತಿಯ ವರದಿಯ ಮೇಲೆ 1939ರಲ್ಲಿ ಘೋಷಿಸಿದ ಸುಧಾರಣೆಗಳೂ ದೊರೆಯ ಅಧಿಕಾರದ ಕೂದಲನ್ನೂ ಕೊಂಕಿಸಲಿಲ್ಲ.

ರಾಜಕೀಯಕ್ಕೆ ಬಾಗಿಲಿಲ್ಲದ ಕಡೆ ಜನ ಸಾಹಿತ್ಯದ ಕಿಟಕಿಯಿಂದ ಉಸಿರಾಡಿದರು. ಕನ್ನಡಿಗರ ಮಟ್ಟಿಗೆ ಇದು ತುಂಬ ಮುಖ್ಯವಾದ ಸಂಗತಿ. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, 1937ರಲ್ಲಿ ರೂಪುಗೊಂಡ ಹೈದರಾಬಾದ್ ಕರ್ನಾಟಕ ಪರಿಷತ್ತು, ಈ ನಗರದಲ್ಲಿ ಕನ್ನಡಿಗರು ಬೆಳೆಸಿದ ಸಾಹಿತ್ಯ ಕೂಟಗಳು, ಇವೆಲ್ಲ ಹೊರನೋಟಕ್ಕೆ ಪಾಠದ, ಪುಸ್ತಕದ ಕೆಲಸಗಳು. ಆದರೆ ಠರಾವು ಮಂಡಿಸುವುದು, ಚರ್ಚಿಸುವುದು, ಮತಕ್ಕೆ ಹಾಕುವುದು, ಅಧ್ಯಕ್ಷನನ್ನು ಆರಿಸುವುದು, ಲೆಕ್ಕ ಒಪ್ಪಿಸುವುದು, ಇಷ್ಟನ್ನೂ ಆ ಪೀಳಿಗೆ ಕಲಿತದ್ದು ಇಂಥ ಕಡೆಗಳಲ್ಲಿ. ಅರಮನೆ ಕೊಡದ ಶಿಕ್ಷಣ ಅದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ದೇಶೀ ಸಂಸ್ಥಾನಗಳೆಲ್ಲ ಏಕವ್ಯಕ್ತಿಯ ಆಳ್ವಿಕೆಗಳೇ, ನಿಜಾಮರೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಕೃಷ್ಣೆ, ತುಂಗಭದ್ರೆಗಳ ಆಚೆ ಮೈಸೂರಿತ್ತು. ಅಲ್ಲಿಯೂ ದೊರೆಯ ಮಾತೇ ಕೊನೆಯ ಮಾತು. ಆದರೆ ದಿವಾನ್ ರಂಗಾಚಾರ್ಲು ಅವರು 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಕರೆದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಕೂಗೆದ್ದಾಗ ಮಿಲ್ಲರ್ ಸಮಿತಿ ಕೂತಿತು. ಪ್ರಜಾಪ್ರತಿನಿಧಿ ಸಭೆಗೆ ಅಧಿಕಾರ ಕಡಿಮೆ, ಮತದಾರರು ಇನ್ನೂ ಕಡಿಮೆ, ನಿಜ. ಆದರೂ ರೈತನೊಬ್ಬ, ವಕೀಲನೊಬ್ಬ ಎದ್ದು ನಿಂತು ದಿವಾನರ ಎದುರಿಗೆ ಅಹವಾಲು ಹೇಳುವ ರೂಢಿ ಎರಡು ತಲೆಮಾರು ನಡೆದುಬಂತು. ಇದರ ಫಲ 1947ರಲ್ಲಿ ಕಂಡಿತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಎದ್ದಿತು, ಜೈಲುಗಳು ತುಂಬಿದವು, ಗೋಲಿಬಾರೂ ಆಯಿತು. ಆದರೂ ಅಕ್ಟೋಬರ್ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅದೇ ದಿನಗಳಲ್ಲಿ, ಅಕ್ಟೋಬರ್ 27ರ ನಸುಕಿನಲ್ಲಿ, ಹೈದರಾಬಾದಿನ ಬೀದಿಗಳಲ್ಲಿ ರಜ್ವಿಯವರ ಜನ ಪ್ರಧಾನಿಯ ಮನೆಗೆ ಮುತ್ತಿಗೆ ಹಾಕಿದ್ದರು. ಎರಡು ಸಂಸ್ಥಾನಗಳ ಅಂತರವನ್ನು ಅಳೆಯಲು ಈ ಒಂದು ವಾರ ಸಾಕು.

ಆ ನಸುಕಿನಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಭಾರತದೊಡನೆ ಯಥಾಸ್ಥಿತಿ ಒಪ್ಪಂದದ ಕರಡು ತಯಾರಾಗಿತ್ತು. ಕಾರ್ಯಕಾರಿ ಮಂಡಳಿ ಬಹುಮತದಿಂದ ಅದನ್ನು ಒಪ್ಪಿತ್ತು, ನಿಜಾಮರೂ ಒಪ್ಪಿದ್ದರು. ಸಹಿ ಮಾತ್ರ ಹಾಕಿರಲಿಲ್ಲ. ನಿಯೋಗ ದೆಹಲಿಗೆ ಹೊರಡುವ ಬೆಳಗಿನ ಜಾವ ಛತ್ತಾರಿ, ಮಾಂಕ್ಟನ್, ಸುಲ್ತಾನ್ ಅಹಮದ್ ಅವರ ಮನೆಗಳನ್ನು ಸಾವಿರಾರು ಜನರ ಗುಂಪು ಸುತ್ತುವರಿಯಿತು. ಆಮೇಲೆ ನಿಜಾಮರು ಮಾಡಿದ್ದೇನು? ಗುಂಪನ್ನು ಕರೆತಂದವರನ್ನು ಬಂಧಿಸಲಿಲ್ಲ. ರಜ್ವಿಯವರ ಮಾತು ಕೇಳಿ ಹಳೆಯ ನಿಯೋಗವನ್ನು ಕೈಬಿಟ್ಟು ಹೊಸ ನಿಯೋಗ ನೇಮಿಸಿದರು. ಛತ್ತಾರಿಯವರು ರಾಜೀನಾಮೆ ಕೊಟ್ಟರು. ಹೊಸ ನಿಯೋಗ ಮತ್ತಷ್ಟು ಲಾಭದ ಷರತ್ತು ತರುತ್ತದೆ ಎಂದು ಕಾದರೆ, ನವೆಂಬರ್ 29ರಂದು ಸಹಿ ಬಿದ್ದದ್ದು ಹೆಚ್ಚುಕಡಿಮೆ ಅದೇ ಒಪ್ಪಂದಕ್ಕೆ. ಮುತ್ತಿಗೆಯಿಂದ ರಾಜ್ಯಕ್ಕೆ ಕವಡೆಯಷ್ಟೂ ಲಾಭವಾಗಲಿಲ್ಲ. ಮನೆ ಮುತ್ತಿದರೆ ಮಂತ್ರಿಮಂಡಲ ಬದಲಾಗುತ್ತದೆ ಎಂಬ ಪಾಠ ಮಾತ್ರ ಊರಿಗೆಲ್ಲ ತಿಳಿಯಿತು.

ಇದಕ್ಕೆ ಇಪ್ಪತ್ತೈದು ವರ್ಷ ಹಿಂದೆ, 1922ರ ಅಕ್ಟೋಬರ್ 28ರಂದು, ಇಟಲಿಯ ರಾಜ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಇಂಥದೇ ಒಂದು ಬೆಳಗನ್ನು ಕಂಡಿದ್ದ. ಮುಸೊಲಿನಿಯ ಕಪ್ಪಂಗಿ ಪಡೆಗಳು ರೋಮಿನತ್ತ ಹೊರಟಿದ್ದವು. ಪ್ರಧಾನಿ ಫಾಕ್ತಾ ಸೇನಾಡಳಿತದ ಆಜ್ಞೆ ಸಿದ್ಧಮಾಡಿ ರಾಜನ ಸಹಿಗೆ ತಂದರು. ರಾಜ ಸಹಿ ಹಾಕಲಿಲ್ಲ. ಬದಲಿಗೆ ಮುಸೊಲಿನಿಯನ್ನೇ ಕರೆಸಿ ಸರ್ಕಾರ ರಚಿಸಲು ಹೇಳಿದ. ಇಪ್ಪತ್ತು ವರ್ಷದ ತರುವಾಯ, 1943ರ ಜುಲೈ 25ರಂದು, ಯುದ್ಧ ಸೋಲುವುದು ಖಚಿತವಾದಾಗ ಅದೇ ರಾಜ ಅದೇ ಮುಸೊಲಿನಿಯನ್ನು ವಜಾ ಮಾಡಿ ಅರಮನೆಯಿಂದ ಹೊರಬರುತ್ತಿದ್ದಂತೆ ಬಂಧಿಸಿದ. ಹಾಗಾದರೆ ರಾಜನ ಕೈಯಲ್ಲಿ ಅಧಿಕಾರ ಇರಲಿಲ್ಲವೆನ್ನಲಾಗದು, ಬಳಸುವ ಮನಸ್ಸಿರಲಿಲ್ಲ. ಹೈದರಾಬಾದಿಗೂ ಈ ಅಳತೆ ಸರಿಹೊಂದುತ್ತದೆ. ಜನರಲ್ ಎಲ್ ಎದ್ರೂಸರ ಸೇನೆ ನಿಜಾಮರಿಗೆ ಅಧೀನವಾಗಿತ್ತು, ಪೊಲೀಸರು ಅವರಿಗೆ ಅಧೀನರಾಗಿದ್ದರು, ಮಂತ್ರಿಗಳನ್ನು ತೆಗೆಯುವ ಹಕ್ಕು ಅವರೊಬ್ಬರದು. ಆ ಹಕ್ಕನ್ನು ಅವರು ಚಲಾಯಿಸಿದ್ದು 1948ರ ಸೆಪ್ಟೆಂಬರ್ 17ರಂದು: ಲಾಯಕ್ ಅಲಿ ಮಂತ್ರಿಮಂಡಲ ಹೋಯಿತು, ರಜಾಕಾರ ಪಡೆಗೆ ನಿಷೇಧ ಬಿತ್ತು, ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರ ಬಿಡುಗಡೆಯಾಯಿತು. ಒಂದೇ ದಿನದಲ್ಲಿ ಇಷ್ಟೂ ಆಯಿತು. ಭಾರತದ ಸೇನೆ ಹೊಸ್ತಿಲಿಗೆ ಬಂದಿದ್ದರಿಂದ ಇದು ಸಾಧ್ಯವಾಯಿತು, ಅದಕ್ಕೂ ಮೊದಲು ನಿಜಾಮರು ಕೈಯೆತ್ತಿದ್ದರೆ ರಜ್ವಿ ಅವರನ್ನೇ ಇಳಿಸುತ್ತಿದ್ದರು ಎಂದು ವಾದಿಸುವವರಿದ್ದಾರೆ. 1948ರ ಬೇಸಿಗೆಯ ಹೊತ್ತಿಗೆ ಅದು ನಿಜವಿರಬಹುದು. ಆದರೆ 1947ರ ಅಕ್ಟೋಬರಿನಲ್ಲಿ ಹಾಗಿರಲಿಲ್ಲ. ರಜ್ವಿ ಲಾತೂರಿನ ಒಬ್ಬ ವಕೀಲ, ಇತ್ತೆಹಾದುಲ್ ಮುಸ್ಲಿಮೀನ್ ಸಂಘದ ಅಧ್ಯಕ್ಷರಾಗಿ ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಸ್ವತಂತ್ರ ಹೈದರಾಬಾದ್ ಬೇಕೆಂಬ ಆಸೆ ರಜ್ವಿಯವರದಷ್ಟೇ ಅಲ್ಲ. ಬ್ರಿಟಿಷರು ಹೊರಟ ಮೇಲೆ ತಾವು ಸ್ವತಂತ್ರರು ಎಂದು 1947ರ ಜೂನಿನಲ್ಲೇ ಫರ್ಮಾನು ಹೊರಡಿಸಿದವರು ನಿಜಾಮರು. ಸಂಧಾನದಲ್ಲಿ ದೆಹಲಿಯನ್ನು ಹೆದರಿಸಲು ರಜ್ವಿ ಅನುಕೂಲಕ್ಕೆ ಬರುತ್ತಾರೆ ಎಂಬ ಲೆಕ್ಕ ಅರಮನೆಯಲ್ಲಿತ್ತು ಎಂದು ನಾನು ತಿಳಿಯುತ್ತೇನೆ. ಆ ಲೆಕ್ಕ ಕೈಮೀರಿತು.

ಹೋಲಿಕೆಗೆ ಮಿತಿಯುಂಟು, ಅದನ್ನು ಹೇಳಿಯೇ ಮುಂದುವರಿಯಬೇಕು. ಯುರೋಪಿನ ಸರ್ವಾಧಿಕಾರಿಗಳಂತೆ ನಿಜಾಮರು ಜನಾಂಗವೊಂದನ್ನು ಅಳಿಸಲು ಯಂತ್ರ ಕಟ್ಟಿದವರಲ್ಲ, ನೆರೆ ದೇಶಗಳ ಮೇಲೆ ದಂಡೆತ್ತಿದವರಲ್ಲ. ಅವರ ನಿರ್ಮಾಣಗಳ ಪಟ್ಟಿ ನಿಜಕ್ಕೂ ದೊಡ್ಡದು. 1908ರ ಮೂಸಿ ಪ್ರವಾಹದ ತರುವಾಯ ಸರ್ ಎಂ. ವಿಶ್ವೇಶ್ವರಯ್ಯನವರು ಕೊಟ್ಟ ಯೋಜನೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ, ನಿಜಾಂಸಾಗರ ಅವರ ಕಾಲದವೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಭಾರತೀಯ ಭಾಷೆಯೊಂದರಲ್ಲಿ ಕೊಡುವ ಧೈರ್ಯ ಮಾಡಿತು. ನಮ್ಮ ಕವಿ ಸಿದ್ದಯ್ಯ ಪುರಾಣಿಕರಂಥವರು ಅಲ್ಲಿ ಓದಿದವರು. ನಿಜಾಮರ ಪುರಾತತ್ತ್ವ ಇಲಾಖೆ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಅಜಂತಾವನ್ನು ಜೋಪಾನ ಮಾಡಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ ಸಿಕ್ಕಾಗ ಅದನ್ನು ತನ್ನ ಗ್ರಂಥಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಮದ್ರಾಸಿನ ಜೊತೆ ಕೈಜೋಡಿಸಿದ್ದೂ ಈ ಸರ್ಕಾರವೇ. ಇವನ್ನು ಕಡೆಗಣಿಸಿ ನಿಜಾಮರನ್ನು ಬರೆಯುವುದು ಅಪ್ರಾಮಾಣಿಕತೆ.

ಆದರೆ ಈ ಪಟ್ಟಿಯನ್ನೇ ಸಮರ್ಥನೆಯಾಗಿ ಮುಂದಿಡುವವರಿಗೆ ನನ್ನ ಪ್ರಶ್ನೆ: ಇವುಗಳಲ್ಲಿ ಯಾವುದು ಪ್ರಜೆ ಹಕ್ಕಿನಿಂದ ಕೇಳಿ ಪಡೆದದ್ದು? ಎಲ್ಲವೂ ಅನುಗ್ರಹ. ಅನುಗ್ರಹ ಹರಿಯುವುದು ಕೊಡುವವನ ಕಣ್ಣು ಬಿದ್ದ ಕಡೆ. ಆ ಕಣ್ಣು ರಾಜಧಾನಿಯ ಮೇಲೆ ಬಿತ್ತು, ಉರ್ದುವಿನ ಮೇಲೆ ಬಿತ್ತು. ವಿಶ್ವವಿದ್ಯಾಲಯ ದೇಶಭಾಷೆಯದು ಎಂಬುದು ಹೆಮ್ಮೆಯ ಸಂಗತಿ. ಆದರೆ ಆ ದೇಶಭಾಷೆ ರಾಜ್ಯದ ಎಂಟರಲ್ಲಿ ಒಬ್ಬರ ಮನೆಮಾತು. ತೆಲುಗು, ಮರಾಠಿ, ಕನ್ನಡದ ಮಕ್ಕಳಿಗೆ ಉನ್ನತ ವಿದ್ಯೆಗೆ ಹೋಗುವ ದಾರಿ ಪರಭಾಷೆಯದೇ ಆಗಿ ಉಳಿಯಿತು. ತಮ್ಮ ಭಾಷೆಯ ಖಾಸಗಿ ಶಾಲೆ ತೆರೆಯಲೂ ಸರ್ಕಾರದ ಅನುಮತಿ ಬೇಕಿತ್ತು. 1951ರ ಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರತೆ ಶೇ. 10ರ ಒಳಗಿತ್ತು, ಮೈಸೂರಿನದು ಅದರ ಎರಡರಷ್ಟು. ಜಗತ್ತಿನ ಅತಿ ಶ್ರೀಮಂತನೆಂದು 1937ರಲ್ಲಿ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ಹಾಕಿದ ದೊರೆಯ ರಾಜ್ಯದ ಸ್ಥಿತಿ ಇದು.

ಇನ್ನೊಂದು ಆಕ್ಷೇಪವನ್ನು ನಾನು ತೀರ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಿಜಾಮರ ಮತ್ತು ರಜಾಕಾರರ ಟೀಕೆ ಕೊನೆಗೆ ಇಡೀ ಒಂದು ಸಮುದಾಯದ ಮೇಲಿನ ಟೀಕೆಯಾಗಿ ತಿರುಗುತ್ತದೆ ಎಂಬ ಆತಂಕ ಅದು. ಹಾಗೆ ತಿರುಗಿಸುವವರು ಇದ್ದಾರೆ. ಅವರು ಚರಿತ್ರೆಯನ್ನು ಓದಿಲ್ಲ. ರಜಾಕಾರರ ವಿರುದ್ಧ ಈ ನಗರದಲ್ಲಿ ಅತ್ಯಂತ ನಿರ್ಭಯವಾಗಿ ಬರೆದ ಉರ್ದು ಪತ್ರಿಕೆ ‘ಇಮ್ರೋಜ್’. ಅದರ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕೊಂದರು. ತೆಲಂಗಾಣದ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಮಾಡಿಸಿಕೊಂಡ ಭೂಮಾಲೀಕ ದೇಶಮುಖರಲ್ಲಿ ಬಹುಪಾಲು ಹಿಂದೂಗಳು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ರೈತ ಹೋರಾಟಗಾರ ದೊಡ್ಡಿ ಕೊಮರಯ್ಯನ ಪ್ರಾಣ ತೆಗೆದ ಗುಂಡು ವಿಸ್ನೂರು ದೇಶಮುಖನ ಜನರದು. ಅರಮನೆಯ ಆಸರೆಯಲ್ಲಿ ಎರಡೂ ಧರ್ಮದ ಸಿರಿವಂತರು ಬೆಳೆದರು. ಪೆಟ್ಟು ತಿಂದವರು ಎರಡೂ ಧರ್ಮದ ಬಡವರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನು ನಮ್ಮ ಜನ ಮರೆತಿಲ್ಲ, ಮರೆಯಲೂಬಾರದು. ಆದರೆ ಅದೇ ವರ್ಷ ಸೆಪ್ಟೆಂಬರಿನ ಬಳಿಕ ನಡೆದದ್ದನ್ನು ನಾವು ಎಷ್ಟು ಹೇಳಿದ್ದೇವೆ? ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರ ತಂಡ, ಬಹಳ ಕಡಿಮೆ ಮಾಡಿ ಹೇಳಿದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ವರದಿ ಮಾಡಿತು. ಸತ್ತವರಲ್ಲಿ ಬಹುಪಾಲು ಸಾಮಾನ್ಯ ಮುಸ್ಲಿಮರು. ಅತಿ ಹೆಚ್ಚು ಕೇಡು ಕಂಡ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡಗಳ ಜೊತೆ ನಮ್ಮ ಕಲಬುರಗಿ, ಬೀದರಗಳೂ ಇದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅರಮನೆಯ ಲೆಕ್ಕಾಚಾರ ತಪ್ಪಿದ್ದರ ಬೆಲೆಯನ್ನು ಅರಮನೆ ತೆರಲಿಲ್ಲ. ನಿಜಾಮರಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ನಿಗದಿಯಾಯಿತು. ಬೆಲೆ ತೆತ್ತವರು ರಜ್ವಿಯ ಮುಖವನ್ನೂ ನೋಡದ ನೇಕಾರರು, ರೈತರು, ಸಣ್ಣ ನೌಕರರು.

ಇಟಲಿ ತನ್ನ ರಾಜಮನೆತನವನ್ನು ಬೇರೆ ರೀತಿಯಲ್ಲಿ ನಡೆಸಿಕೊಂಡಿತು. 1946ರ ಜೂನಿನಲ್ಲಿ ಜನಮತ ಕೇಳಿ ರಾಜತ್ವವನ್ನು ಕೊನೆಗಾಣಿಸಿತು, ವಂಶದ ಗಂಡುಮಕ್ಕಳು ದೇಶಕ್ಕೆ ಕಾಲಿಡದಂತೆ ಸಂವಿಧಾನದಲ್ಲೇ ಬರೆಯಿತು. ಅಂಥ ಕಠೋರತೆ ನಮಗೆ ಬೇಕಿರಲಿಲ್ಲ. ಆದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನಾದರೂ ಬಹಿರಂಗವಾಗಿ ಕೇಳಬೇಕಿತ್ತು. ಕೇಳದೆ ಬಿಟ್ಟದ್ದರಿಂದ ನಿಜಾಮರ ನೆನಪು ಎರಡು ಅತಿಗಳ ನಡುವೆ ಜೋಲಿ ಹೊಡೆಯುತ್ತಿದೆ. ಒಂದು ಕಡೆ ರಾಕ್ಷಸ, ಇನ್ನೊಂದು ಕಡೆ ದಾನಶೂರ. 1965ರಲ್ಲಿ ಅವರು ದೇಶಕ್ಕೆ ಐದು ಟನ್ ಚಿನ್ನ ದಾನ ಮಾಡಿದರೆಂಬ ಕಥೆ ಈಗಲೂ ಓಡಾಡುತ್ತಿದೆ. ವಾಸ್ತವದಲ್ಲಿ ಅವರು ಬಡ್ಡಿ ಬರುವ ಚಿನ್ನದ ಬಾಂಡಿನಲ್ಲಿ 425 ಕಿಲೋ ತೊಡಗಿಸಿದ್ದರು. ಸೆಪ್ಟೆಂಬರ್ 17 ಬಂದರೆ ಈ ನಗರದಲ್ಲಿ ಒಬ್ಬರಿಗೆ ಅದು ವಿಮೋಚನೆ, ಇನ್ನೊಬ್ಬರಿಗೆ ಏಕೀಕರಣ. 2022ರಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಎರಡು ಹೆಸರಿನಲ್ಲಿ ಎರಡು ಸಮಾರಂಭ ಮಾಡಿದವು. 1948ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬ್ಯಾಂಕಿಗೆ ಹೋದ ಸುಮಾರು ಹತ್ತು ಲಕ್ಷ ಪೌಂಡು ರಾಜ್ಯದ ಹಣವೋ ದೊರೆಯ ಹಣವೋ ಪಾಕಿಸ್ತಾನಕ್ಕೆ ಸೇರಿದ್ದೋ ಎಂಬ ವ್ಯಾಜ್ಯಕ್ಕೆ ಲಂಡನ್ನಿನ ನ್ಯಾಯಾಲಯ ತೀರ್ಪು ಕೊಟ್ಟದ್ದು 2019ರಲ್ಲಿ. ಒಬ್ಬನ ಕಿಸೆಗೂ ಒಂದು ರಾಜ್ಯದ ಖಜಾನೆಗೂ ನಡುವೆ ಗೆರೆ ಇಲ್ಲದಿದ್ದರೆ ಎಪ್ಪತ್ತು ವರ್ಷವಾದರೂ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಜಿಲ್ಲೆಗಳ ಮಾತಿಗೆ ಬಂದರೆ, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಆ ಹಿಂದುಳಿಕೆಗಾಗಿಯೇ ಸಂವಿಧಾನದಲ್ಲಿ 371 (ಜೆ) ವಿಧಿ ಬಂತು, 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. 1956ರ ಬಳಿಕದ ಸರ್ಕಾರಗಳ ಉಪೇಕ್ಷೆಯನ್ನೂ ನಿಜಾಮರ ತಲೆಗೆ ಕಟ್ಟುವುದು ಸುಲಭ, ಅನ್ಯಾಯವೂ ಹೌದು. ಎಷ್ಟು ಅವರದು, ಎಷ್ಟು ನಮ್ಮದು ಎಂದು ಬೇರ್ಪಡಿಸಬೇಕಾದರೆ ದಾಖಲೆ ಓದಬೇಕು. ಆ ಫರ್ಮಾನುಗಳು, ಕಂದಾಯದ ಮತ್ತು ಶಿಕ್ಷಣ ಇಲಾಖೆಯ ಕಡತಗಳು ಇದೇ ನಗರದ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ, ಬಹುಪಾಲು ಉರ್ದುವಿನಲ್ಲಿ. ಅವುಗಳನ್ನು ಓದಬಲ್ಲ ಕನ್ನಡಿಗರ ತಲೆಮಾರು ಮುಗಿಯುತ್ತಾ ಬಂದಿದೆ. ಹೈದರಾಬಾದಿನ ಕನ್ನಡ ಸಂಘಟನೆಗಳಿಗೆ ನನ್ನ ವಿನಂತಿ ಇದು: ಕಲಬುರಗಿ, ರಾಯಚೂರು, ಬೀದರಗಳ ನಾಲ್ಕಾರು ಯುವ ಸಂಶೋಧಕರಿಗೆ ಉರ್ದು ಬರಹ ಕಲಿಸಿ, ಊಟ ವಸತಿ ಕೊಟ್ಟು, ಆ ಕಡತಗಳ ಮುಂದೆ ಕೂರಿಸುವ ವ್ಯವಸ್ಥೆಯಾಗಲಿ. ಮೊದಲು ನೋಡಬೇಕಾದವು 1920 ಮತ್ತು 1930ರ ದಶಕಗಳಲ್ಲಿ ಈ ಮೂರು ಜಿಲ್ಲೆಗಳಿಂದ ಶಾಲೆ ತೆರೆಯಲು, ಸಭೆ ಸೇರಲು ಅಪ್ಪಣೆ ಕೋರಿ ಜನ ಬರೆದುಕೊಂಡ ಅರ್ಜಿಗಳು ಮತ್ತು ಅವುಗಳ ಮೇಲೆ ಬಿದ್ದ ಷರಾಗಳು.